ಬೆನ್ನಿಗೆ ಹೊಲಿದ ಜೇಬು

"ಯೇ ಜೇಬ್ ಪೀಛೆ ಕಾಯ್ಕೂ?"

ಭಾಂಡೇವಾಲಿ ಬನಿಯನ್ನನ್ನು ಬೆಳಕಿಗೆ ಹಿಡಿದು ಕೇಳಿದಳು. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಈ ಹೆಂಗಸು ದಹಿಸರ್‌ನ ನಮ್ಮ ಬಿಲ್ಡಿಂಗಿಗೆ ತಿಂಗಳಲ್ಲೊಂದು ಭಾನುವಾರ ಬರುತ್ತಾಳೆ. ಒಂದೊಂದು ಬಟ್ಟೆಯನ್ನೂ ತಿರುವಿ ಹಾಕಿ, ತೂತು ಸಿಕ್ಕರೆ ಮುಖ ಸಿಂಡರಿಸಿ, ಸಿಗದಿದ್ದರೆ ಅದಕ್ಕೂ ಬೇಜಾರು ಮಾಡಿಕೊಂಡು, ಕೊನೆಗೆ ನಮಗೇ ಉಪಕಾರ ಮಾಡುವವಳ ಹಾಗೆ ಒಂದು ಪಾತ್ರೆ ಮುಂದಿಡುತ್ತಾಳೆ. ಈ ಸಲ ಅವಳ ಮುಂದೆ ನನ್ನ ನಾಲ್ಕು ಪ್ಯಾಂಟುಗಳಿದ್ದವು. ನಾಲ್ಕೂ ನನ್ನ ಸೊಂಟಕ್ಕೆ ಸಡಿಲವಾಗಿದ್ದವು, ಯಾಕೆಂದು ಆಮೇಲೆ ಹೇಳುತ್ತೇನೆ. ರಾಶಿಯ ಅಡಿಯಿಂದ ಈ ಬಿಳಿ ಬನಿಯನ್ ಹೊರಬಂತು. ಬೆನ್ನಿನ ಮೇಲೆ, ಎರಡು ಹೆಗಲುಗಳ ನಡುವೆ, ನೀಲಿ ದಾರದಲ್ಲಿ ಹೊಲಿದ ಒಂದು ಜೇಬು.

ನನ್ನ ಹೆಂಡತಿ ಸುಮಂಗಲಾ ಅಡುಗೆಮನೆಯಿಂದ ಬಂದವಳೇ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಇದನ್ನ ಕೊಡಾಂಗಿಲ್ಲ."

ಭಾಂಡೇವಾಲಿಗೆ ಕನ್ನಡ ಬರುವುದಿಲ್ಲ. ಆದರೆ ಸುಮಂಗಲಾಳ ಧಾರವಾಡದ ದನಿಯನ್ನು ಯಾರಿಗೂ ಅನುವಾದ ಮಾಡಿ ಹೇಳಬೇಕಾಗಿಲ್ಲ. ಆಕೆ ಮುಂದಿಟ್ಟಿದ್ದ ಡಬ್ಬಿಯನ್ನು ಒಳಗೆ ಹಾಕಿ, ಅದಕ್ಕಿಂತ ಒಂದು ಸೈಜು ಚಿಕ್ಕದನ್ನು ತೆಗೆದಳು.

ಬೆನ್ನಿಗೇಕೆ ಜೇಬು ಎಂದು ನೀವೂ ಕೇಳುವವರೇ. ಅದು ಟೆನಿಸ್ ಚೆಂಡು ಇಡುವುದಕ್ಕೆ. ಗೊರಕೆಯ ಮನುಷ್ಯ ಅಂಗಾತ ಮಲಗಬಾರದಂತೆ. ಹಾಗೆ ಮಲಗಲು ಹೋದರೆ ಚೆಂಡು ಬೆನ್ನಿಗೆ ಒತ್ತಿ, ಅವನು ತಾನಾಗಿ ಮಗ್ಗುಲಿಗೆ ಹೊರಳುತ್ತಾನೆ ಎಂದು ಯಾರೋ ಸುಮಂಗಲಾಳಿಗೆ ಹೇಳಿದ್ದರು. ನಾನು ಎರಡು ರಾತ್ರಿ ಹೊರಳಿದೆ. ಮೂರನೆಯ ರಾತ್ರಿ ಚೆಂಡಿನ ಮೇಲೆಯೇ ಅಂಗಾತ ಮಲಗಿ ಗೊರಕೆ ಹೊಡೆದೆ. ಐವತ್ತಮೂರು ವರ್ಷ ಮುಂಬಯಿಯಲ್ಲಿ ಕಳೆದವನಿಗೆ ಬೆನ್ನಿಗೆ ಏನಾದರೂ ಒತ್ತಿದರೆ ನಿದ್ದೆ ಕೆಡುತ್ತದೆ ಎಂದುಕೊಂಡದ್ದೇ ತಪ್ಪು. ವಿರಾರ್ ಲೋಕಲ್‌ನಲ್ಲಿ ಒಬ್ಬರ ಛತ್ರಿ, ಇನ್ನೊಬ್ಬರ ಟಿಫಿನ್ ಡಬ್ಬಿ ಬೆನ್ನಿಗೆ ಒತ್ತಿಕೊಂಡಿರುವಾಗ ನಿಂತೇ ನಿದ್ದೆ ತೆಗೆದವನು ನಾನು.

ಗೊರಕೆಯಂಥ ವಿಚಿತ್ರ ಗುಣ ಇನ್ನೊಂದಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ, ಅದರ ಧಣಿಗೆ ಮಾತ್ರ ಗೊತ್ತಿರುವುದಿಲ್ಲ. ಒಮ್ಮೆ ನೆಂಟರ ಮದುವೆಗೆಂದು ಉಡುಪಿಗೆ ಹೋದಾಗ ಗಂಡಸರೆಲ್ಲ ಹಾಲ್‌ನಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದ್ದೆವು. ನಾನು ನಟ್ಟನಡುವೆ ಇದ್ದೆ. ಬೆಳಿಗ್ಗೆ ಎದ್ದರೆ ಎಲ್ಲರ ಚಾಪೆಗಳೂ ನಾಲ್ಕು ಗೋಡೆಗಳಿಗೆ ಅಂಟಿಕೊಂಡಿವೆ, ನಡುವೆ ನಾನೊಬ್ಬ. "ಪಾಪ, ಫ್ಯಾನಿನ ಗಾಳಿ ನನಗೇ ಇರಲಿ ಅಂತ ಬಿಟ್ಟುಕೊಟ್ಟಿದ್ದಾರೆ" ಎಂದು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ. ತಿಂಡಿಯ ಹೊತ್ತಿಗೆ ಅವರ ಕಣ್ಣುಗಳು ಕೆಂಪಾಗಿದ್ದದ್ದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಹಾಗಾಗಿ ಎರಡು ವರ್ಷದ ಹಿಂದೆ ಸುಮಂಗಲಾ ಮೊದಲ ಸಲ ಮಾತು ತೆಗೆದಾಗ ನಾನು ಎಂದಿನಂತೆ, "ನಾನಾ? ಗೊರಕೆಯಾ? ಎಂತ ಮಾರಾಯ್ತಿ ನೀನು" ಎಂದು ತಳ್ಳಿಹಾಕಲು ಹೊರಟೆ. ಅವಳು ತಲೆ ಅಲ್ಲಾಡಿಸಿದಳು.

"ಗೊರಕಿ ಇರಲಿ ಬಿಡ್ರಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ನಡಕ ನಿಂತ ಬಿಡತೈತಲ್ಲ, ಅದಕ್ಕ ನನಗ ಅಂಜಿಕಿ ಬರತೈತಿ."

ಆ 'ನಿಂತ ಬಿಡತೈತಿ' ಎಂಬ ಮಾತನ್ನು ಮಾತ್ರ ನನಗೆ ತಳ್ಳಿಹಾಕಲಾಗಲಿಲ್ಲ. ಅದು ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಕುರ್ಲಾಕ್ಕೆ ಕರೆದೊಯ್ಯಬೇಕು.

ಕುರ್ಲಾದ ಚಾಳಿನ ಒಂದು ಕೋಣೆಯಲ್ಲಿ ನಾನು ಬೆಳೆದದ್ದು. ಗೋಡೆಗಳು ಎಷ್ಟು ತೆಳುವಾಗಿದ್ದವೆಂದರೆ ಯಾರ ಮನೆಯ ಗೊರಕೆ ಯಾವುದು ಎಂದು ಮಕ್ಕಳಾದ ನಮಗೂ ಗೊತ್ತಿತ್ತು. ಗೊರಕೆಗೆ ಊಟವೇ ಕಾರಣ ಎಂಬುದರಲ್ಲಿ ಚಾಳಿನಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಯಾವ ಊಟ ಎಂಬುದರಲ್ಲಿ ಮಾತ್ರ ನೀರಿನ ನಳ್ಳಿಯ ಮುಂದೆ ದಿನವೂ ಜಗಳ. ಅಮ್ಮನ ಪ್ರಕಾರ ಉದ್ದು. ಪಕ್ಕದ ಮನೆಯ ಸಾತಾರಾದ ಕಾಕೂ ಪ್ರಕಾರ ರಾತ್ರಿ ತಿಂದ ಬಾಳೆಹಣ್ಣು. ಕೆಳಗಿನ ಕೋಣೆಯಲ್ಲಿದ್ದ ಒಬ್ಬಂಟಿ ಗುಮಾಸ್ತರು ಮೊಸರಿನ ಮೇಲೆ ಹೊರಿಸುತ್ತಿದ್ದರು, ಯಾಕೆಂದರೆ ಅವರಿಗೆ ಮೊಸರು ಸೇರುತ್ತಿರಲಿಲ್ಲ. ನಮ್ಮ ಅಪ್ಪಯ್ಯ ಮೂರನ್ನೂ ಉಣ್ಣುತ್ತಿದ್ದರು.

ಅಪ್ಪಯ್ಯ ಹೋಟೆಲಿನಲ್ಲಿ ಅಡುಗೆ ಭಟ್ಟರು. ಹೋಟೆಲಿನವನ ಹೊಟ್ಟೆ ತುಂಬುವುದು ಊರೆಲ್ಲ ಉಂಡು ಮುಗಿಸಿದ ಮೇಲೆ. ಶಟರ್ ಎಳೆದು, ದೊಡ್ಡ ಬಾಣಲೆಗಳನ್ನು ತೊಳೆಸಿ, ಮನೆಗೆ ಬಂದು, ಅಮ್ಮ ಬಿಸಿ ಮಾಡಿಟ್ಟ ಅನ್ನವನ್ನು ಸಾರಿನಲ್ಲಿ ಒಮ್ಮೆ, ಮೊಸರಿನಲ್ಲಿ ಒಮ್ಮೆ ಕಲಸಿ ಉಂಡು, ತೊಳೆದ ಕೈ ಒಣಗುವ ಮೊದಲೇ ಮಲಗುತ್ತಿದ್ದರು. ಆ ಗೊರಕೆ ಶುರುವಾದ ಮೇಲೆಯೇ ನನಗೆ ನಿದ್ದೆ ಬರುತ್ತಿದ್ದದ್ದು. ಅಪ್ಪಯ್ಯ ಮನೆಗೆ ಬಂದಿದ್ದಾರೆ, ಬಾಗಿಲು ಹಾಕಿದೆ, ಇನ್ನೇನೂ ಹೆದರಿಕೆ ಇಲ್ಲ ಎಂದು ಅದು ಹೇಳುತ್ತಿತ್ತು.

ನನಗೆ ಹನ್ನೊಂದು ವರ್ಷ. ಭಾನುವಾರ, ಅಪ್ಪಯ್ಯನಿಗೆ ರಜೆ. ಮಧ್ಯಾಹ್ನ ಅಮ್ಮ ಹಲಸಿನಕಾಯಿ ಹುಳಿ ಮಾಡಿದ್ದಳು. ಅಪ್ಪಯ್ಯ ಗಡದ್ದಾಗಿ ಉಂಡು ಚಾಪೆಯ ಮೇಲೆ ಅಡ್ಡಾದರು. ಸ್ವಲ್ಪ ಹೊತ್ತು ಗೊರಕೆ ಕೇಳಿತು, ಆಮೇಲೆ ಕೇಳಲಿಲ್ಲ. ನಾನು ಹೊಸ್ತಿಲ ಬಳಿ ಗೋಲಿ ಉರುಳಿಸುತ್ತಿದ್ದೆ. ಅಮ್ಮ ಬಂದು ಗೋಲಿಗಳನ್ನು ಕಸಿದುಕೊಂಡಳು.

"ಸದ್ದು ಮಾಡಬೇಡ ಮಗಾ. ಅಪ್ಪಯ್ಯ ಇವತ್ತು ಗೊರಕೆ ಇಲ್ಲದೆ ಮಲಗಿದ್ದಾರೆ. ಒಂದು ದಿನವಾದ್ರೂ ಸರಿಯಾಗಿ ನಿದ್ದೆ ಮಾಡ್ಲಿ."

ರೇಡಿಯೊ ಆರಿಸಿದಳು. ಗ್ಯಾಲರಿಯಲ್ಲಿ ಓಡುತ್ತಿದ್ದ ಮಕ್ಕಳನ್ನು ಆಚೆ ಕಳಿಸಿದಳು. ನೀರಿನ ಕೊಡವನ್ನು ಕೂಡ ಸದ್ದಾಗದಂತೆ ಎರಡೂ ಕೈಯಿಂದ ಇಳಿಸಿದಳು. ನಾಲ್ಕು ಗಂಟೆಗೆ ಚಹಾ ತಂದು "ಕೇಳಿತಾ?" ಎಂದು ಕರೆದಳು. ಅಪ್ಪಯ್ಯ ಏಳಲಿಲ್ಲ.

ಡಾಕ್ಟರು ಹೃದಯ ಎಂದು ಬರೆದರು. ಇದ್ದೀತು. ಗೊರಕೆಗೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ, ಯಾರಿಗೂ ಗೊತ್ತೂ ಇಲ್ಲ. ಆದರೆ ಅಷ್ಟು ಹೊತ್ತು ತಾನು ಕಾಪಾಡಿದ ಆ ನಿಶ್ಶಬ್ದವನ್ನು ಅಮ್ಮ ಸಾಯುವವರೆಗೂ ಮರೆಯಲಿಲ್ಲ. ನಾನು ಮರೆತೆನೆಂದುಕೊಂಡಿದ್ದೆ.

ಆದ್ದರಿಂದ ಸುಮಂಗಲಾ ಡಾಕ್ಟರ ಹತ್ತಿರ ಹೋಗೋಣ ಎಂದಾಗ ಕೂಡಲೇ ಹೊರಟೆ. ಬಾಂದ್ರಾ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಉಡುಪಿ ಹೋಟೆಲಿದೆ. ಅದರ ಹಿಂದಿನ ರಸ್ತೆಯಲ್ಲೇ ಡಾಕ್ಟರರ ಕ್ಲಿನಿಕ್. ಅಂದಹಾಗೆ, ಸುಮಂಗಲಾ ನನಗೆ ಸಿಕ್ಕಿದ್ದೂ ಆ ಹೋಟೆಲಿನಲ್ಲೇ. ಹತ್ತಿರದ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊಟಕ್ಕೆ ಬಂದು, "ಸಾಂಬಾರಿಗೆ ಬೆಲ್ಲಾ ಯಾಕ ಹಾಕತೀರಿ? ಯಾರಿಗೆ ಹುಷಾರಿಲ್ಲ?" ಎಂದು ಗಲ್ಲಾದ ಮುಂದೆ ನಿಂತು ಕೇಳಿದವಳು. ಮೂವತ್ತು ವರ್ಷದ ಹತ್ತಿರವಾಯಿತು, ನಾನಿನ್ನೂ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನವರು. ರಾತ್ರಿ ಊಟ ಎಷ್ಟು ಗಂಟೆಗೆ ಎಂದರು. ಹನ್ನೊಂದೂವರೆ ಎಂದೆ. ಊಟವಾದ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದರು. ಕೈ ಒರೆಸಿಕೊಂಡ ಮೇಲೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಕೊರಳ ಸುತ್ತ ಸೇರಿದ ಕೊಬ್ಬು ಉಸಿರಿನ ದಾರಿಯನ್ನು ಇರುಕು ಮಾಡುತ್ತದೆ, ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹೊಟ್ಟೆ ಮೇಲಕ್ಕೆ ಒತ್ತುತ್ತದೆ ಎಂದು ವಿವರಿಸಿದರು. ತೂಕ ಇಳಿಯಬೇಕು, ಮಲಗುವುದಕ್ಕೆ ಮೂರು ಗಂಟೆ ಮೊದಲೇ ಹಗುರವಾದ ಊಟ ಮುಗಿಯಬೇಕು, ಜೊತೆಗೆ ಮೈಗೆ ವಯರುಗಳನ್ನು ಅಂಟಿಸಿಕೊಂಡು ಒಂದು ರಾತ್ರಿ ನಿದ್ದೆಯ ಪರೀಕ್ಷೆ ಆಗಲೇಬೇಕು ಎಂದರು. "ಮೊದಲು ಊಟ ಸರಿ ಮಾಡಿಕೊಳ್ಳುತ್ತೇನೆ, ಪರೀಕ್ಷೆ ಆಮೇಲೆ ನೋಡೋಣ" ಎಂದೆ. ಹೆದರಿಕೆ ಎಂದು ಹೇಳಲು ನಾಚಿಕೆಯಾಯಿತು.

"ಊಟ ಬಿಟ್ಟು ನಡುನಡುವೆ ಏನಾದರೂ ತಿನ್ನುತ್ತೀರಾ?"

"ಏನೂ ಇಲ್ಲ."

ಇದನ್ನು ನಾನು ಎದೆ ಮುಟ್ಟಿಕೊಂಡು ಹೇಳಿದೆ. ನೀವು ಹೋಟೆಲಿನವರಲ್ಲದಿದ್ದರೆ ನನ್ನನ್ನು ಸುಳ್ಳ ಎನ್ನುತ್ತೀರಿ. ಆದ್ದರಿಂದ ಅಂಗೈಯ ವಿಷಯ ಹೇಳಿಬಿಡುತ್ತೇನೆ.

ನಮ್ಮಲ್ಲಿ ರುಚಿ ನೋಡುವುದು ತಟ್ಟೆಯಲ್ಲಲ್ಲ. ಭಟ್ಟರು ಸೌಟಿನಿಂದ ಸಾಂಬಾರನ್ನು ಯಜಮಾನರ ಅಂಗೈಯ ಗುಳಿಗೆ ಬಿಡುತ್ತಾರೆ. ಅದನ್ನು ನೆಕ್ಕಿ, ಮೇಲಕ್ಕೆ ನೋಡಿ, ಒಂದು ಕ್ಷಣ ಸುಮ್ಮನಿದ್ದು "ಹುಳಿ ಸಾಲದು" ಎನ್ನಬೇಕು. ಇದು ಊಟವಲ್ಲ, ಡ್ಯೂಟಿ. ಅಪ್ಪಯ್ಯ ಏಕಾದಶಿಯ ದಿನ ನೀರನ್ನೂ ಮುಟ್ಟುತ್ತಿರಲಿಲ್ಲ, ಆದರೆ ಹೋಟೆಲಿನಲ್ಲಿ ತಾವು ಮಾಡಿದ್ದನ್ನು ತಮ್ಮ ಅಂಗೈಗೇ ಬಿಟ್ಟುಕೊಂಡು ನೆಕ್ಕುತ್ತಿದ್ದರು. ಅಮ್ಮ ಕೇಳಿದರೆ, "ಅಂಗೈಯಲ್ಲಿ ತಿಂದದ್ದು ಹೊಟ್ಟೆಗೆ ಲೆಕ್ಕ ಇಲ್ಲ, ಅದು ಗಿರಾಕಿಯ ಲೆಕ್ಕ" ಎನ್ನುತ್ತಿದ್ದರು. ನಾನು ಅದೇ ಧರ್ಮದಲ್ಲಿ ಬೆಳೆದವನು. ನನ್ನ ನಾಲಿಗೆ ಒಪ್ಪದೆ ನಮ್ಮ ಅಡುಗೆಮನೆಯಿಂದ ಯಾವ ಬೋಗುಣಿಯೂ ಹೊರಗೆ ಹೋಗುವುದಿಲ್ಲ ಎಂಬುದು ನನ್ನ ಜೀವನದ ಏಕೈಕ ಜಂಬ.

ಮರುದಿನದಿಂದಲೇ ಪಥ್ಯ ಶುರುವಾಯಿತು. ಸುಮಂಗಲಾ ಬೆಳಿಗ್ಗೆಯೇ ಎದ್ದು ರಾತ್ರಿಯ ಊಟವನ್ನೂ ಡಬ್ಬಿಗೆ ತುಂಬಿ ಕೊಡುತ್ತಿದ್ದಳು: ಎರಡು ಜೋಳದ ರೊಟ್ಟಿ, ಪಲ್ಯ, ಒಂದಿಷ್ಟು ಸೌತೆಕಾಯಿ. ಸಂಜೆ ಏಳಕ್ಕೆ ಗಲ್ಲಾದ ಹಿಂದೆ ಕುಳಿತು, ಗಿರಾಕಿಗಳು ಮಸಾಲೆ ದೋಸೆ ಮುರಿಯುವುದನ್ನು ನೋಡುತ್ತ ನಾನು ರೊಟ್ಟಿ ಅಗಿಯುತ್ತಿದ್ದೆ. ಹತ್ತೂಕಾಲರ ಲೋಕಲ್ ಹಿಡಿದು ಮನೆಗೆ ಬಂದರೆ ಬಿಸಿನೀರು ಮಾತ್ರ. ಎರಡು ತಿಂಗಳಾಯಿತು. ಕಂಡಕಂಡವರಿಗೆಲ್ಲ ಬೇಗ ಉಣ್ಣುವುದರ ಮಹಿಮೆಯನ್ನು ಬೋಧಿಸಿದೆ. ಮೂರನೆಯ ತಿಂಗಳು ಡಾಕ್ಟರರ ತೂಕದ ಯಂತ್ರದ ಮೇಲೆ ನಿಂತರೆ ಒಂದೂವರೆ ಕಿಲೋ ಜಾಸ್ತಿ ತೋರಿಸಿತು.

"ಗೊರಕೆ?" ಎಂದು ಡಾಕ್ಟರು ಸುಮಂಗಲಾಳನ್ನು ಕೇಳಿದರು.

"ಹಂಗ ಐತ್ರಿ," ಎಂದಳು. ಅವಳ ದನಿ ಬಹಳ ಸಣ್ಣದಾಗಿತ್ತು. "ನಾನ ಪಲ್ಯಾಕ್ಕ ಎಣ್ಣಿ ಜಾಸ್ತಿ ಹಾಕಾಕತ್ತೇನಿ ಅನಸತೈತಿ."

ಅಂದಿನಿಂದ ಎಣ್ಣೆ ನಿಂತಿತು. ಆಮೇಲೆ ತೆಂಗಿನಕಾಯಿ ಹೋಯಿತು. ಎರಡು ರೊಟ್ಟಿ ಒಂದೂವರೆಯಾಯಿತು. ನಾನೊಬ್ಬನೇ ಪಥ್ಯ ಮಾಡಿದರೆ ಬೇಸರವಾದೀತೆಂದು ಅವಳೂ ಅದನ್ನೇ ತಿಂದಳು. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಅದೇ ದಿನಗಳಲ್ಲಿ ಅವಳು ಆಫೀಸಿಗೆ ಹೋಗುವಾಗ ಲೇಡೀಸ್ ಡಬ್ಬದಲ್ಲಿ ನಿದ್ದೆಹೋಗಿ, ಬಾಂದ್ರಾದಲ್ಲಿ ಇಳಿಯದೆ ಮೂರು ಸಲ ಕೊನೆಯ ಸ್ಟೇಷನ್ ಚರ್ಚ್‌ಗೇಟ್‌ವರೆಗೆ ಹೋಗಿಬಂದಳು. "ವಯಸ್ಸಾಯ್ತು ನಿನಗೆ" ಎಂದು ನಾನು ನಕ್ಕೆ. ಈಗ ಆ ನಗೆ ನೆನಪಾದರೆ ನನಗೇ ಒಂದು ಕೊಡಬೇಕೆನಿಸುತ್ತದೆ.

ಸಂಜೆ ಅಂಗೈ ಚಾಚುವಾಗ ನನಗೆ ಏನೂ ಅನುಮಾನ ಬರುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ನಿದ್ದೆ ಬಂದವರನ್ನು ಎಬ್ಬಿಸಬಹುದು, ನಿದ್ದೆ ಬಂದವರಂತೆ ನಟಿಸುವವರನ್ನು ಎಬ್ಬಿಸಲಾಗದು ಎನ್ನುತ್ತಾರಲ್ಲ, ನಾನು ಎರಡನೆಯ ಗುಂಪಿನವನು.

ಎಬ್ಬಿಸಿದ್ದು ನನ್ನ ಮಗಳು ನಿಧಿ. ಇಪ್ಪತ್ತೆರಡು ವರ್ಷದವಳು, ಹುಟ್ಟಿ ಬೆಳೆದದ್ದೆಲ್ಲ ದಹಿಸರ್‌ನಲ್ಲೇ. ಅಪ್ಪನ ಕರಾವಳಿಯ ಕನ್ನಡ, ಅಮ್ಮನ ಧಾರವಾಡದ ಕನ್ನಡ ಎರಡೂ ಅವಳಿಗೆ ಅರ್ಥವಾಗುತ್ತವೆ, ಮಾತಾಡುವಾಗ ಎರಡನ್ನೂ ಹಿಂದಿಯಲ್ಲಿ ಅದ್ದಿ ತೆಗೆಯುತ್ತಾಳೆ. ಒಂದು ಭಾನುವಾರ ಬೆಳಿಗ್ಗೆ ನಾನು ಅವಲಕ್ಕಿಯ ತಟ್ಟೆಯ ಮುಂದೆ ಕುಳಿತಿದ್ದೆ. ಅವಳು ತನ್ನ ಹಳೆಯ ಫೋನನ್ನು ಮೇಜಿನ ಮೇಲಿಟ್ಟಳು.

"ಪಪ್ಪಾ, ಆಜ್ ಆಪ್‌ಕಾ ಕಾನ್ಸರ್ಟ್. ನಿನ್ನೆ ನೈಟ್ ನಿಮ್ಮ ರೂಮಲ್ಲಿ ಚುಪ್‌ಕೇ ಸೇ ಇಟ್ಟೆ. ಫುಲ್ ರೆಕಾರ್ಡ್ ಆಗಿದೆ. ಇದನ್ನೇ ಅಲಾರಂ ಮಾಡ್ತೀನಿ."

ಮೊದಲಿಗೆ ಎಲ್ಲರಿಗೂ ನಗು. ನನ್ನ ಗೊರಕೆಯನ್ನು ನಾನು ಐವತ್ತು ವರ್ಷಕ್ಕೆ ಮೊದಲ ಸಲ ಕೇಳಿದ್ದು. ಒಳಕ್ಕೆಳೆಯುವಾಗ ಖಾಲಿ ಬಾಣಲೆಯನ್ನು ನೆಲದ ಮೇಲೆ ಎಳೆದ ಸದ್ದು, ಹೊರಬಿಡುವಾಗ ಒಂದು ಸೀಟಿ. "ಬೋರಿವಲಿ ಸ್ಲೋ ಲೋಕಲ್ ಬಂತು" ಎಂದಳು ನಿಧಿ. ನಾನೂ ಅವಲಕ್ಕಿ ಬಾಯಿಂದ ಸಿಡಿಯುವಷ್ಟು ನಕ್ಕೆ.

ಆಮೇಲೆ ಗೊರಕೆ ನಿಂತಿತು.

ಫೋನಿನಿಂದ ಫ್ಯಾನಿನ ಕಟಕಟ ಮಾತ್ರ ಕೇಳುತ್ತಿತ್ತು. ನಿಧಿಯ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದು ಅಲ್ಲೇ ಉಳಿದುಬಿಟ್ಟಿತ್ತು. ಫ್ಯಾನು ಕಟಕಟ ಎನ್ನುತ್ತಲೇ ಇತ್ತು. ನಾನು ಚಮಚವನ್ನು ಕೆಳಗಿಟ್ಟೆ. ಹಗಲು ಹೊತ್ತು, ಕಿಟಕಿಯಲ್ಲಿ ಬಿಸಿಲು, ನಾನು ಜೀವಂತವಾಗಿ ಕುರ್ಚಿಯ ಮೇಲೆ ಕುಳಿತಿದ್ದೇನೆ. ಆದರೂ ನಾನು ಯಾವಾಗ ಉಸಿರಾಡುತ್ತೇನೆ ಎಂದು ನಾನೇ ಕಾಯುತ್ತಿದ್ದೇನೆ. ನಿಧಿ ಫೋನನ್ನು ಬಿಟ್ಟು ನನ್ನ ಎದೆಯನ್ನೇ ನೋಡುತ್ತಿದ್ದಳು. ನನಗೆ ಹಲಸಿನಕಾಯಿ ಹುಳಿಯ ವಾಸನೆ ಬಂದ ಹಾಗಾಯಿತು.

ಆಗ ಫೋನಿನಲ್ಲಿ ಬಳೆಗಳ ಸದ್ದು ಕೇಳಿತು. ಮತ್ತೆ, ಬಹಳ ಮೆಲ್ಲನೆ, ಮಗುವನ್ನು ಮಾತಾಡಿಸುವ ಹಾಗೆ:

"ರೀ… ರೀ… ಉಸರ ತಗೋರಿ. ಇಕಾ, ಈ ಕಡೆ ಹೊರಳ್ರಿ. ಉಸರ ತಗೋರಿ."

ನೀರಿನಿಂದ ಮೇಲೆ ಬಂದವನ ಹಾಗೆ ನಾನು ಗಬಕ್ಕನೆ ಉಸಿರೆಳೆದದ್ದು ಕೇಳಿತು. ಮತ್ತೆ ಗೊರಕೆ. ಅದರ ಹಿಂದೆ ಅವಳ ಒಂದು ನಿಟ್ಟುಸಿರು, "ಶಿವಾ" ಎಂಬ ಒಂದು ಮಾತು. ನಿಧಿ ಬೆರಳಿನಿಂದ ರೆಕಾರ್ಡನ್ನು ಅರ್ಧ ಗಂಟೆ ಮುಂದಕ್ಕೆ ಸರಿಸಿದಳು. ಅಲ್ಲಿಯೂ ಅವಳ ಬಳೆಗಳು. ಇನ್ನೂ ಒಂದು ಗಂಟೆ ಮುಂದಕ್ಕೆ ಸರಿಸಿದಳು. ಅಲ್ಲಿಯೂ "ರೀ… ಉಸರ ತಗೋರಿ."

ಸುಮಂಗಲಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಬಂದ್ ಮಾಡ ಅದನ್ನ."

"ಮಮ್ಮೀ, ಆಪ್ ಸೋತೀ ಕಬ್ ಹೋ?" ನಿಧಿ ಫೋನು ಬಂದ್ ಮಾಡಿದಳು. "ನಿದ್ದೆ ಯಾವಾಗ ಮಾಡ್ತೀ?"

"ಮಾಡತೇನಿ. ಲೋಕಲ್‌ನ್ಯಾಗ."

ಎಷ್ಟು ದಿನದಿಂದ ಹೀಗೆ ಎಂದು ನಾನು ಕೇಳಿದೆ. ಅವಳು ಸೌಟನ್ನು ಇಟ್ಟು ಬಂದು ಕುಳಿತಳು. ನಾವು ಮದುವೆಯಾದ ಹೊಸತರಲ್ಲಿ ನಮ್ಮ ಅಮ್ಮ ಅವಳನ್ನು ಪಕ್ಕಕ್ಕೆ ಕರೆದು ಒಂದೇ ಒಂದು ಬುದ್ಧಿಮಾತು ಹೇಳಿದ್ದಳಂತೆ. ಸುಮಂಗಲಾ ಅದನ್ನು ಅಮ್ಮನ ದನಿಯಲ್ಲೇ ಹೇಳಿದಳು: "ಗೊರಕೆಗೆ ಬೈಯಬೇಡ ಮಗಾ. ಗೊರಕೆ ನಿಂತ್ರೆ ಎಬ್ಸು." ಮತ್ತೆ ತನ್ನ ದನಿಯಲ್ಲಿ, "ಆವಾಗ ನಿಲ್ಲತಿರಲಿಲ್ಲ, ನಾನೂ ಆರಾಮ ಮಲಗತಿದ್ದೆ. ಈಗ ನಿಲ್ಲತೈತಿ. ಅತ್ತಿ ಹೇಳಿದ್ದು ಹೆಂಗ ಮರೀಲಿ?" ಎಂದಳು.

ಮರುದಿನ ಹೋಟೆಲಿಗೆ ಹೋಗುವಾಗ ಊಟದ ಡಬ್ಬಿಯ ಜೊತೆ ಇನ್ನೊಂದು ಖಾಲಿ ಡಬ್ಬಿಯನ್ನೂ ಒಯ್ದೆ. ಏಳಕ್ಕೆ ರೊಟ್ಟಿ ತಿಂದು ಮುಗಿಸಿ ಅದನ್ನು ಪಕ್ಕದಲ್ಲಿಟ್ಟುಕೊಂಡೆ. ನಮ್ಮ ಭಟ್ಟರು ಭೋಜಣ್ಣ ಎಂದಿನಂತೆ ಸೌಟು ಹಿಡಿದು ಬಂದರು. ನಾನು ಅಂಗೈ ಚಾಚಿದೆ. ಆದರೆ ಅದು ತುಂಬಿದ ಮೇಲೆ ಬಾಯಿಗೆ ಒಯ್ಯದೆ ಡಬ್ಬಿಗೆ ಸುರಿದೆ. ಭೋಜಣ್ಣ ನನ್ನನ್ನು ಒಮ್ಮೆ, ಡಬ್ಬಿಯನ್ನು ಒಮ್ಮೆ ನೋಡಿದರು.

"ಎಂತಾಯ್ತು ಧಣಿ? ಹಾಳಾಗಿದೆಯಾ?"

"ಇಲ್ಲ ಭೋಜಣ್ಣ, ನೀವು ತರುವುದು ತನ್ನಿ."

ಕುದಿಸಿದ ಸಾಂಬಾರು. ಹೊಸದಾಗಿ ರುಬ್ಬಿದ ಚಟ್ನಿ. ಒಳಗೆ ಬೆಂದಿದೆಯೋ ಎಂದು ಮುರಿದ ಅರ್ಧ ಉದ್ದಿನ ವಡೆ. ತುಪ್ಪ ಸರಿಯಾಗಿದೆಯೋ ಎಂದು ಒಂದು ಮುದ್ದೆ ಶೀರಾ. ಬಟಾಟೆ ಪಲ್ಯ. ಮತ್ತೆ ಸಾಂಬಾರು, ಯಾಕೆಂದರೆ ನೀರು ಸೇರಿಸಿದ್ದರು. ಮತ್ತೆ ಶೀರಾ, ಯಾಕೆಂದರೆ ತಣಿದಿತ್ತು. ಶಟರ್ ಎಳೆಯುವ ಮೊದಲು ಉಳಿದದ್ದು ಹಳಸಿಲ್ಲವೆಂದು ನೋಡುವುದಕ್ಕೆ ಎಲ್ಲದರಲ್ಲೂ ಇನ್ನೊಮ್ಮೆ. ಆ ಹೊತ್ತಿಗೆ ಡಬ್ಬಿಯ ಮುಚ್ಚಳ ಹಾಕಲು ಒತ್ತಬೇಕಾಯಿತು. ಲೋಕಲ್‌ನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅದು ಇನ್ನೂ ಬಿಸಿಯಾಗಿತ್ತು.

ಮನೆಯಲ್ಲಿ ಸುಮಂಗಲಾಳ ಮುಂದೆ ಮುಚ್ಚಳ ತೆರೆದೆ. ಎಲ್ಲವೂ ಕಲಸಿ ಮುದ್ದೆಯಾಗಿತ್ತು.

"ಏನಿದು? ನಾಯಿಗೆ ತಂದೀರೇನು?"

"ರುಚಿ ನೋಡುತ್ತೇನೆ ಅಂತ ಏಳು ಗಂಟೆ ಆದ ಮೇಲೆ ನಾನು ದಿನಾ ತಿನ್ನುವುದು ಇಷ್ಟು. ಇವತ್ತು ತಿನ್ನಲಿಲ್ಲ."

ಅವಳು ಬೈಯುತ್ತಾಳೆ ಎಂದು ನಾನು ತಯಾರಾಗಿಯೇ ಬಂದಿದ್ದೆ. ಧಾರವಾಡದ ಬೈಗುಳಕ್ಕೆ ಮೈಯೊಡ್ಡಿ ನಿಂತರೆ ಪಾಪ ಕಳೆಯುತ್ತದೆ ಎಂಬ ನಂಬಿಕೆಯೂ ಇತ್ತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ನಾ ಎಣ್ಣಿ ಬಿಟ್ಟೆನಲ್ಲರೀ," ಎಂದಳು. ಅಷ್ಟೇ. ಅವಳ ಕಣ್ಣು ತುಂಬಿತ್ತು. ನನಗೆ ನನ್ನ ಅಂಗೈಯನ್ನು ಎಲ್ಲಿ ಅಡಗಿಸಿಕೊಳ್ಳಬೇಕೆಂದು ತಿಳಿಯಲಿಲ್ಲ.

ಆ ವಾರವೇ ನಿದ್ದೆಯ ಪರೀಕ್ಷೆ ಮಾಡಿಸಿಕೊಂಡೆ. ಡಾಕ್ಟರು ಕಾಗದ ನೋಡಿ, "ಇಷ್ಟು ದಿನ ತಡ ಮಾಡಬಾರದಿತ್ತು" ಎಂದರು. ರಾತ್ರಿ ಮೂಗಿಗೆ ಕಟ್ಟಿಕೊಂಡು ಮಲಗುವ ಒಂದು ಯಂತ್ರ ಕೊಡಿಸಿದರು. ಅದು ರಾತ್ರಿಯಿಡೀ ಗುಂಯ್ ಎನ್ನುತ್ತ ಗಾಳಿ ಊದುತ್ತದೆ. ಆ ಸದ್ದು ಕೇಳುತ್ತ ಸುಮಂಗಲಾಳೂ ಮಲಗತೊಡಗಿದಳು. ಹೋಟೆಲಿನಲ್ಲಿ ಭೋಜಣ್ಣನಿಗೆ, "ಸಂಜೆಯ ಮೇಲೆ ಇನ್ನು ರುಚಿ ನೀವೇ ನೋಡಿ" ಎಂದೆ. ಅವರು ಸೌಟು ಕೆಳಗಿಟ್ಟರು.

"ನಿಮ್ಮ ಅಂಗೈಗೆ ಹಾಕದೆ ನಂಗೆ ಧೈರ್ಯ ಇಲ್ಲ ಮಾರಾಯ್ರೆ. ಗಿರಾಕಿ ಎಂತ ಹೇಳ್ತಾರೋ!"

ಮೊದಲ ವಾರವೆಲ್ಲ ಸೌಟು ಕಂಡರೆ ನನ್ನ ಕೈ ತಾನಾಗಿ ಚಾಚಿಕೊಳ್ಳುತ್ತಿತ್ತು. ಅದನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಗಲ್ಲಾದಲ್ಲಿ ಕೂರುತ್ತಿದ್ದೆ. ನಾನಿಲ್ಲದೆ ಸಾಂಬಾರು ಕೆಡುತ್ತದೆ, ಗಿರಾಕಿಗಳು ಬಂದು ದೂರುತ್ತಾರೆ ಎಂದು ಕಾದೆ. ಹತ್ತನೆಯ ದಿನ ಒಬ್ಬ ಹಳೆಯ ಗಿರಾಕಿ ಕೈ ತೊಳೆದು ಬಂದು, "ಇತ್ತೀಚೆಗೆ ಸಾಂಬಾರು ಚೆನ್ನಾಗಿದೆಯಲ್ಲ, ಬೆಲ್ಲ ಕಡಿಮೆ ಮಾಡಿದಿರಾ?" ಎಂದರು. ಸುಮಂಗಲಾಳಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.

ವರ್ಷ ಕಳೆಯುವುದರೊಳಗೆ ಹನ್ನೊಂದು ಕಿಲೋ ಇಳಿದೆ. ಪ್ಯಾಂಟುಗಳು ಭಾಂಡೇವಾಲಿಯ ಮುಂದೆ ಬಂದದ್ದು ಹೀಗೆ. ಎರಡು ವಾರದ ಹಿಂದೆ ಇನ್ನೊಮ್ಮೆ ಪರೀಕ್ಷೆಯಾಯಿತು. ಸದ್ಯಕ್ಕೆ ಯಂತ್ರ ಬೇಡ, ತೂಕ ಮತ್ತೆ ಏರಿದರೆ ಮತ್ತೆ ಬೇಕು ಎಂದರು ಡಾಕ್ಟರು. ಯಂತ್ರವನ್ನು ಕಪಾಟಿನ ಮೇಲಿಟ್ಟೆವು. ಗೊರಕೆಯೂ ಇಲ್ಲ, ಗುಂಯ್ ಎನ್ನುವುದೂ ಇಲ್ಲ. ಎಲ್ಲರೂ ಅಭಿನಂದಿಸಿದರು. ಸುಮಂಗಲಾ ಮಾತ್ರ ಹೋದ ವಾರ ಮತ್ತೆ ಚರ್ಚ್‌ಗೇಟ್‌ವರೆಗೆ ಹೋಗಿಬಂದಳು. ಈ ಸಲ ನಾನು ನಗಲಿಲ್ಲ, ಆದರೆ ಯಾಕೆಂದು ಕೇಳುವ ಧೈರ್ಯವೂ ಆಗಲಿಲ್ಲ.

ಇವತ್ತು ಭಾಂಡೇವಾಲಿ ಹೋದ ಮೇಲೆ ಊಟ ಮಾಡಿದೆವು. ಒಂದು ರೊಟ್ಟಿ, ಮೆಂತ್ಯಸೊಪ್ಪಿನ ಪಲ್ಯ, ಮಜ್ಜಿಗೆ. ಎರಡು ಗಂಟೆ ನಡೆದಾಡಿ, ಪೇಪರ್ ಓದಿ, ಆಮೇಲೆ ಇಬ್ಬರೂ ಅಡ್ಡಾದೆವು. ಬಿಲ್ಡಿಂಗಿನಲ್ಲಿ ಭಾನುವಾರದ ಮಧ್ಯಾಹ್ನದ ಮೌನ. ನನಗೆ ಹಿತವಾಗಿ ಜೋಂಪು ಹತ್ತುತ್ತಿತ್ತು.

"ರೀ?"

"ಹ್ಞೂಂ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ರೀ?"

"ಹ್ಞೂಂ. ಎಂತ?"

"ಏನಿಲ್ಲ, ಮಲಗ್ರಿ."

ಮೂರನೆಯ ಸಲ ಅವಳು ಎದ್ದು ಗೋಡೆಗೆ ಒರಗಿ ಕುಳಿತಳು. ಯಾಕೆ ಮಲಗುವುದಿಲ್ಲ ಎಂದೆ.

"ಸಪ್ಪಳನ ಇಲ್ಲರೀ," ಎಂದಳು. ತಪ್ಪು ಮಾಡಿದವರ ಮುಖ ಅವಳದು. "ಡಾಕ್ಟರು ಆರಾಮ ಐತಿ ಅಂದಾರ. ನನಗೂ ತಿಳೀತೈತಿ. ಆದ್ರ ಕಣ್ಣ ಹತ್ತವಲ್ದು."

ನನಗೆ ಕುರ್ಲಾದ ಗೋಲಿಗಳು ನೆನಪಾದವು. ಅಮ್ಮ ಕಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗೋಲಿಗಳು. ನಮ್ಮ ಮನೆಯಲ್ಲಿ ನನ್ನ ಕಾಯಿಲೆ ವಾಸಿಯಾಗಿತ್ತು, ಅವಳದು ಇನ್ನೂ ಉಳಿದಿತ್ತು. ಅದಕ್ಕೆ ಯಾವ ಡಾಕ್ಟರನ್ನು ಹುಡುಕಲಿ? ಅವಳನ್ನು ಮಲಗಲು ಹೇಳಿ, ಅವಳಿಗೆ ಬೆನ್ನು ಮಾಡಿ ಹೊರಳಿಕೊಂಡು ಕಣ್ಣು ಮುಚ್ಚಿದೆ. ಆಮೇಲೆ ಗೊರಕೆ ಹೊಡೆಯತೊಡಗಿದೆ.

ಲೋಕದಲ್ಲಿ ತನ್ನ ಗೊರಕೆಯನ್ನು ತಾನೇ ಅನುಕರಿಸಬಲ್ಲವರು ಕಡಿಮೆ. ನಾನು ರೆಕಾರ್ಡ್ ಕೇಳಿದವನು. ಒಳಕ್ಕೆ ಖಾಲಿ ಬಾಣಲೆ, ಹೊರಕ್ಕೆ ಸೀಟಿ.

"ಸುಳ್ಳ ಗೊರಕಿ," ಎಂದಳು ಹಿಂದಿನಿಂದ. ಅವಳು ನಗುತ್ತಿದ್ದಳೋ ಏನೋ. ಮತ್ತೆ ಮೆಲ್ಲಗೆ, "ಇರಲಿ, ಹೊಡೀರಿ" ಎಂದಳು.

ಹೊಡೆದೆ. ಅವಳ ಕೈ ನನ್ನ ಬೆನ್ನಿನ ಮೇಲೆ ಬಂದು ಕೂತಿತು, ಆ ಬನಿಯನ್ನಿನ ಜೇಬು ಇರುತ್ತಿದ್ದ ಜಾಗದಲ್ಲೇ. ಬರುಬರುತ್ತ ಆ ಕೈ ಭಾರವಾಯಿತು, ಬಳೆಗಳು ಸದ್ದು ನಿಲ್ಲಿಸಿದವು, ಅವಳ ಉಸಿರು ಒಂದೇ ಹದಕ್ಕೆ ಬಂತು. ನಿದ್ದೆ ನನ್ನನ್ನೂ ಎಳೆಯುತ್ತಿತ್ತು. ನಾನು ಬಿಡಲಿಲ್ಲ. ಗಂಟಲು ಒಣಗಿದರೂ ಗೊರಕೆ ಹೊಡೆಯುತ್ತಲೇ ಇದ್ದೆ, ನಡುವೆ ಒಂದು ಸಲವೂ ನಿಲ್ಲಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆ ಕೈ ಬೆನ್ನಿನಿಂದ ಎದ್ದುಹೋಯಿತು. ಅಡುಗೆಮನೆಯಲ್ಲಿ ಗ್ಯಾಸು ಹೊತ್ತಿಸಿದ ಸದ್ದು, ಕಪ್ಪುಗಳ ಸದ್ದು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಅವಳು ಚಹಾ ತಂದು ತಲೆಯ ಹತ್ತಿರ ಬಗ್ಗಿದಳು.

"ರೀ," ಎಂದಳು.

ಆ ಒಂದಕ್ಷರ ಮುಗಿಯುವ ಮೊದಲೇ ನಾನು ಎದ್ದು ಕುಳಿತೆ.